ಸಭೆಗೆ ಚಳಿಯಾದರೆ ಮುನ್ಸೂಚನೆ ತಡ

ಮಾನ್ಯ ಗಣಕ ಕೇಂದ್ರದ ನಿರ್ದೇಶಕರೇ,

ನಿಮ್ಮ ಕೇಂದ್ರದಿಂದ ಪ್ರವಾಹದ ಮುನ್ಸೂಚನೆ ಹೊರಬಿದ್ದದ್ದು ನೀರು ಮನೆಗಳಿಗೆ ನುಗ್ಗಿದ ಮೇಲೆ. ಇದನ್ನು ‘ತಾಂತ್ರಿಕ ತೊಂದರೆ’ ಎನ್ನಲು ನನಗೆ ಹೇಸಿಗೆಯಾಗುತ್ತದೆ.

ಹಲವು ಇಲಾಖೆಗಳು ಹಂಚಿಕೊಂಡಿರುವ ನಿಮ್ಮ ಯಂತ್ರಗಳಲ್ಲಿ ಪ್ರವಾಹ ಮುನ್ಸೂಚನೆ ವಿಭಾಗದ ನಾವು ನದಿಯ ಏರಿಳಿತವನ್ನು ಮೊದಲೇ ಅಂದಾಜಿಸುವ ಲೆಕ್ಕ, ಅಂದರೆ ಸಿಮ್ಯುಲೇಶನ್, ನಡೆಸುತ್ತೇವೆ. ಅದೇ ಪ್ರೋಗ್ರಾಮ್, ಅಷ್ಟೇ ಕೆಲಸ. ಒಂದು ದಿನ ಊಟದ ಹೊತ್ತಿಗೆ ಮುಗಿದದ್ದು ಇನ್ನೊಂದು ದಿನ ಸಂಜೆಯಾದರೂ ಮುಗಿಯದು. ದೂರು ಕೊಟ್ಟರೆ ನಿಮ್ಮ ಕಚೇರಿಯ ಸಿದ್ಧ ಉತ್ತರ: ‘ದೋಷ ನಿಮ್ಮ ಪ್ರೋಗ್ರಾಮಿನಲ್ಲಿದೆ.’ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಡೊಂಕು ನೆಲವೇ ಕುಣಿಯುವವಳನ್ನು ಬೈಯುತ್ತಿದೆ.

ಒಂದೇ ಲೆಕ್ಕವನ್ನು ಒಂದೊಂದು ಯಂತ್ರದಲ್ಲೂ ಬೇರೆಬೇರೆಯಾಗಿ ಓಡಿಸಿ ನೋಡಿದೆವು. ತೆವಳುತ್ತಿದ್ದವು ಕೊನೆಯ ಸಾಲಿನವು ಮಾತ್ರ, ಅದೂ ನಿಮ್ಮ ಸಭೆ ಇರುವ ದಿನಗಳಲ್ಲಿ. ಬಿಸಿಯೇರಿದ ಯಂತ್ರ ಕೆಡದಿರಲೆಂದು ತಾನೇ ವೇಗ ತಗ್ಗಿಸುತ್ತದೆ. ಒಂದೇ ಲೆಕ್ಕವನ್ನು ಎಲ್ಲ ಯಂತ್ರಗಳಿಗೂ ಹಂಚಿರುವುದರಿಂದ, ಅದರ ಅಂಕಿ ಬರುವವರೆಗೆ ಉಳಿದವೆಲ್ಲ ಸುಮ್ಮನೆ ನಿಲ್ಲುತ್ತವೆ. ಬಿಸಿ ಏಕೆ? ಯಂತ್ರಗಳ ಕೋಣೆಗೂ ಸಭಾಂಗಣಕ್ಕೂ ಒಂದೇ ಎ.ಸಿ. ಅದನ್ನು ಹೆಚ್ಚುಕಡಿಮೆ ಮಾಡುವ ಗುಂಡಿ ಇರುವುದು ನಿಮ್ಮ ಕುರ್ಚಿಯ ಹಿಂದಿನ ಗೋಡೆಯಲ್ಲಿ. ಸಭೆಯಲ್ಲಿ ನೀವು ಅದನ್ನು ತಗ್ಗಿಸಿದರೆ ಕೊನೆಯ ಸಾಲಿಗೆ ತಂಪು ತಲುಪುವುದಿಲ್ಲ. ಇದನ್ನು ನಿಮ್ಮ ಆಪ್ತ ಸಹಾಯಕರಿಗೆ ವಿವರಿಸಿದೆ. ಅವರು ತಲೆ ಎತ್ತದೆ, “ಸಾಹೇಬ್ರಿಗೆ ಚಳಿ ಆಗುತ್ತೆ ಸಾರ್. ಯಂತ್ರಕ್ಕೇನು ಪ್ರಾಣ ಹೋಗುತ್ತಾ?” ಎಂದರು.

ಯಂತ್ರಕ್ಕೆ ಹೋಗುವುದಿಲ್ಲ, ನಿಜ. ನದಿ ಏರುತ್ತಿದ್ದ ಆ ದಿನ ನಮ್ಮ ಲೆಕ್ಕ ಅರ್ಧಕ್ಕೇ ತೆವಳತೊಡಗಿದಾಗ ನಿಮ್ಮ ಸಭೆ ಕೂತಿತ್ತು. ಚರ್ಚೆಯ ವಿಷಯ: ಯಂತ್ರಗಳು ನಿಧಾನವೆಂಬ ನಮ್ಮ ದೂರು. ಅದೇ ಹೊತ್ತಿಗೆ ದಡದ ಬಡಾವಣೆಯಿಂದ ನನ್ನ ಅಕ್ಕ ಫೋನ್ ಮಾಡಿದಳು.

“ಏನೋ, ಮನೆ ಬಿಡಬೇಕಾ, ಬೇಡ್ವಾ? ನಿಮ್ಮ ಭಾವನ್ನ ಬೇರೆ ಎತ್ಕೊಂಡೇ ಹೋಗ್ಬೇಕು.”

“ಲೆಕ್ಕ ಇನ್ನೂ ಮುಗಿದಿಲ್ಲ ಅಕ್ಕ. ಸ್ವಲ್ಪ ಇರು.”

“ನಾನು ಇರ್ತೀನಪ್ಪ. ನೀರು ಇರುತ್ತಾ ಅಂತ ನಿನ್ ಯಂತ್ರನ ಕೇಳು.”

ನೀರು ಕಾಯಲಿಲ್ಲ. ಲಕ್ವ ಹೊಡೆದು ಮಲಗಿದ್ದ ಭಾವನನ್ನು ಅಕ್ಕಪಕ್ಕದವರು ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ, ಎದೆಮಟ್ಟದ ನೀರಿನಲ್ಲಿ ಹೊತ್ತು ತಂದರು. ಅವರು ಬದುಕಿದ್ದಾರೆ. ಅದರ ಶ್ರೇಯಸ್ಸನ್ನು ದಯವಿಟ್ಟು ನಿಮ್ಮ ವಾರ್ಷಿಕ ವರದಿಗೆ ಸೇರಿಸಬೇಡಿ.

ಆ ಗುಂಡಿಯನ್ನು ಈ ವಾರವೇ ಯಂತ್ರಗಳ ಕೋಣೆಗೆ ಸ್ಥಳಾಂತರಿಸಿ. ಮಳೆಗಾಲ ಮುಗಿಯುವವರೆಗೆ ತಂಪಾಗಿರುವ ಮುಂದಿನ ಸಾಲನ್ನು ಪ್ರವಾಹದ ಲೆಕ್ಕಕ್ಕೆ ಮೀಸಲಿಡಿ. ಚಳಿಯಾದರೆ ಶಾಲು ಹೊದ್ದು ಸಭೆ ನಡೆಸಿ. ನಿಮ್ಮ ಆದೇಶಕ್ಕೆ ನದಿ ನಿಲ್ಲುವುದಾದರೆ ಮಾತ್ರ ಇದನ್ನು ಮುಂದಿನ ಸಭೆಗೆ ಮುಂದೂಡಿ.

ಇಂತಿ,
ಬಂದ ನೀರಿಗೆ ಮುನ್ಸೂಚನೆ ಬರೆದ
ಒಬ್ಬ ಎಂಜಿನಿಯರ್