ಡಾಂಬರಿನ ಮೇಲೆ ಕೂತ ತೇಪೆ

೨೧.೨.೯೬, ಬುಧವಾರ

ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪಿರುತ್ತದೆ. ಓದುವವರು ಯಾರೂ ಇಲ್ಲ, ಆದರೂ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕೈಯನ್ನು ಮನ್ನಿಸಬೇಕು.

ನಿದ್ದೆ ಬರುತ್ತಿಲ್ಲ. ನಾಳೆ ಮುಂಜಾನೆ ನರಸಯ್ಯ ಮಾವ ಕಿರಂಗೂರಿನಿಂದ ವಾಪಸ್ ಬಂದವರೇ ಕಬ್ಬು ಕಡಿಯುವ ಹೆಂಗಸರನ್ನು ಫೈಬರ್ ದೋಣಿಯಲ್ಲಿ ಆಚೆ ದಡಕ್ಕೆ ದಾಟಿಸುತ್ತಾರೆ. ಅವರಲ್ಲಿ ಬೆಟ್ಟಮ್ಮಕ್ಕ ಕೂಸನ್ನೂ ಎತ್ತಿಕೊಂಡು ಬರುತ್ತಾಳೆ.

ದೋಣಿಯ ತಳ ಬಿರುಕು ಬಿಟ್ಟು ನೀರು ಜಿನುಗುತ್ತಿತ್ತು. ಹೋದ ವಾರ ಯಾರಿಗೂ ಹೇಳದೆ, ನಮ್ಮ ಹರಿಗೋಲಿಗೆ ಬಳಿಯುವ ಹಾಗೆ, ಡಾಂಬರು ಕಾಯಿಸಿ ತುಂಬಿದೆ. ನೀರು ನಿಲ್ಲಲಿಲ್ಲ. ಸೀಮೆಎಣ್ಣೆ ಹಾಕಿ ಉಜ್ಜಿ, ಕರಿ ಕಾಣದ ಹಾಗೆ ಮಾಡಿದೆ.

ನೆನ್ನೆ ಮೇಸ್ತ್ರಿ ಚಲುವರಾಜು ಅಂಟಿನಲ್ಲಿ ನೆನೆಸಿದ ಫೈಬರ್ ಬಟ್ಟೆ ಹಚ್ಚುವ ಮುಂಚೆ ನನ್ನನ್ನು ಕೇಳಿದರು, “ಡಾಂಬ್ರು ಗೀಂಬ್ರು ಬಳ್ದಿಲ್ಲ ತಾನೆ? ಜಿಡ್ಡಿದ್ರೆ ಇದು ಕಚ್ಕಳಕ್ಕಿಲ್ಲ ಕಣ್ಲಾ.”

“ಅವ್ನ ಕೇಳ್ತೀಯಲ್ಲಪ್ಪ, ನಮ್ಮನೆ ಎಮ್ಮೆನಾದ್ರೂ ಬಾಯ್ ಬುಟ್ಟಾತು,” ಎಂದು ಮಾವ ನಕ್ಕರು. ನಾನೂ ನಕ್ಕುಬಿಟ್ಟೆ, ಮೇಸ್ತ್ರಿ ತೇಪೆ ಹಚ್ಚಿದರು. ನನ್ನ ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾಳೆ ಮಾವ ಏನನ್ನುತ್ತಾರೋ. ಬಾಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಇವತ್ತು ಬೆಳಿಗ್ಗೆ ತೇಪೆಯ ಅಂಚಿಗೆ ಉಗುರು ಹಾಕಿ ನೋಡಿದೆ. ಸಿಪ್ಪೆಯ ಹಾಗೆ ಎದ್ದು ಬಂತು, ಅಡಿಯಲ್ಲಿ ಕರಿ. ಪೂರ್ತಿ ಕಿತ್ತು, ಮಾವನಿಗೆ ಕಾಣುವ ಹಾಗೆ ಕವುಚಿ ಹಾಕಿದ ದೋಣಿಯ ಮೇಲೆಯೇ ಇಟ್ಟು, ಹಾರದ ಹಾಗೆ ಕಲ್ಲು ಹೇರಿ ಬಂದೆ.