ಮೂಗಪ್ಪನ ನಿವೃತ್ತಿ

ಭಾನುವಾರ, ಮಧ್ಯಾಹ್ನ

ಬಡಗಿ ಮಹಾಶಯರಿಗೆ,

ನೀವು ಕಳಿಸಿದ ಫೋಟೊ ತಲುಪಿತು. ಮರದ ಹೊಟ್ಟಿನ ರಾಶಿಯ ಮೇಲೆ ಮೂಗಪ್ಪ ನಾಲ್ಕು ಕಾಲೂ ಮೇಲೆ ಮಾಡಿ ಮಲಗಿದ್ದಾನೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಮೂಸುತ್ತ ನನ್ನ ಜೊತೆ ದುಡಿದ ಅಷ್ಟೂ ವರ್ಷ ಅವನು ಹಾಗೆ ಮಲಗಿದ್ದನ್ನು ನಾನು ಕಂಡಿಲ್ಲ. ನೋಡಿ ಸಂತೋಷವಾಯಿತು ಎಂದು ಬರೆಯಬೇಕಿತ್ತು. ಬರೆದೆ ಎಂದುಕೊಳ್ಳಿ.

ಗಾಂಜಾ ಇಟ್ಟುಕೊಳ್ಳುವುದು ಇನ್ನು ಅಪರಾಧವಲ್ಲ ಎಂದು ಸಂಸತ್ತಿನಲ್ಲಿ ಮಸೂದೆ ಪಾಸಾದಾಗ ನಾನೂ ಖುಷಿಪಟ್ಟವಳೇ. ಎಷ್ಟೋ ಮಕ್ಕಳಿಗೆ ಜೈಲು ತಪ್ಪಿತಲ್ಲ ಎಂದು. ಮರುದಿನ ಸಾಹೇಬರು ಕರೆದು, "ಇವನನ್ನ ಇನ್ನು ಇಟ್ಕೊಳ್ಳೋಕಾಗಲ್ಲಮ್ಮ," ಎಂದರು. ಗಾಂಜಾ ಸಿಕ್ಕರೂ ಬೇರೆ ವಿಷ ಸಿಕ್ಕರೂ ಸುಳಿವು ಕೊಡಲು ಅವನು ಒಂದೇ ಥರ ಕೂರುವುದು. ಯಾವುದು ಸಿಕ್ಕಿತೆಂದು ಕೋರ್ಟಿಗೆ ಹೇಳುವವರು ಯಾರು? "ಗಾಂಜಾ ಒಂದನ್ನ ಮರೆಸಿಬಿಡ್ತೀನಿ, ಸ್ವಲ್ಪ ಟೈಮ್ ಕೊಡಿ ಸಾರ್," ಎಂದೆ. "ಕಲಿತಿದ್ದನ್ನ ಮರಿ ಅಂದ್ರೆ ನೀನು ಮರೀತೀಯಾ?" ಎಂದರು.

ಸೊಂಟ ಬಿದ್ದುಹೋದ ನಾಯಿ ನನ್ನ ಮೂರನೇ ಮಹಡಿ ಹತ್ತುವಂತಿರಲಿಲ್ಲ. ಅದಕ್ಕೇ ನಿಮಗೆ ಫೋನು ಮಾಡಿದ್ದು. ಬೇರೆ ಅರ್ಥ ಕಟ್ಟಬೇಡಿ. "ನಾನೋ ಆ ನಾಯಿನೋ, ಒಂದು ಹೇಳು," ಎಂದು ಬಾಗಿಲು ಎಳೆದುಕೊಂಡು ಹೋದವರು ತಾನೇ ನೀವು? ಬೈಯುತ್ತೀರಿ ಎಂದುಕೊಂಡಿದ್ದೆ. ನೀವು ನೋಡಿದರೆ ಸೀಟಿಗೆ ಕಂಬಳಿ ಹಾಸಿಕೊಂಡು ವ್ಯಾನು ತಂದಿರಿ. ಅವನೂ ಸರಿ, ತಿರುಗಿಯೂ ನೋಡದೆ ಹತ್ತಿ ಕೂತ.

ಈಗ ಅವನಿಗೆಂದು ಮೆಟ್ಟಿಲ ಪಕ್ಕ ಇಳಿಜಾರು ಹಲಗೆ ಮಾಡಿದ್ದೀರಂತೆ, ಕಾಲು ಜಾರದಿರಲೆಂದು ಗೋಣಿ ಹೊಡೆದಿದ್ದೀರಂತೆ. ಅಡುಗೆಮನೆಗೆ ಒಂದು ಕಪಾಟು ಮಾಡಿಕೊಡಿ ಎಂದು ನಾನು ಎಷ್ಟು ಸಲ ಗೋಗರೆದಿಲ್ಲ? ಕೆಲಸ ಮಾಡುತ್ತಲೇ ದಿನವಿಡೀ ಅವನ ಹತ್ತಿರ ಮಾತಾಡುತ್ತೀರಿ ಎಂದೂ ನಿಮ್ಮ ತಂಗಿ ಹೇಳಿದಳು. ನೀವು, ಮಾತು! ನನ್ನೆದುರು ಊಟಕ್ಕೆ ಕೂತರೆ "ಹೂಂ" ಬಿಟ್ಟು ಎರಡನೆಯದು ಬರುತ್ತಿರಲಿಲ್ಲ.

ನನ್ನ ನಾಯಿಯನ್ನು ಕಿತ್ತುಕೊಂಡಿರಿ ಎಂದು ನಿಮ್ಮ ಮೇಲೆ ಹೊಟ್ಟೆ ಉರಿಯುತ್ತಿದೆ ಎಂದೇ ತಿಳಿದಿದ್ದೆ. ಫೋಟೊದಲ್ಲಿ ಅವನ ಎದೆಯ ಮೇಲಿರುವ ನಿಮ್ಮ ಕೈ ನೋಡಿದ ಮೇಲೆ, ಉರಿ ಯಾರ ಮೇಲೆ ಎಂದೇ ಗೊತ್ತಾಗುತ್ತಿಲ್ಲ.

ಮುಂದಿನ ವಾರ ಬರುತ್ತೇನೆ, ಅವನನ್ನು ನೋಡಲು. ಬಿಸ್ಕತ್ತು ಜಾಸ್ತಿ ಹಾಕಬೇಡಿ.

ಇಂತಿ,
ಕಾಗದಪತ್ರದಲ್ಲಿ ಇನ್ನೂ ನಿಮ್ಮವಳು

ಮರೆತಿದ್ದೆ: ನಿನ್ನೆ ನನಗೊಂದು ಹೊಸ ಮರಿ ಕೊಟ್ಟರು, ಗಾಂಜಾ ವಾಸನೆಯನ್ನೇ ಕಲಿಸಬಾರದ ಮರಿ. ಇದನ್ನು ಬರೆಯುವಾಗಲೂ ತೊಡೆ ಬಿಟ್ಟು ಇಳಿಯುತ್ತಿಲ್ಲ. ಬಟ್ಟೆ ಎಷ್ಟು ಒಗೆದು ಬಂದರೂ ಮೂಗಪ್ಪನಿಗೆ ಗೊತ್ತಾಗಿಯೇ ಆಗುತ್ತದೆ. ನಾನು ಬರುವ ಮುಂಚೆ ನೀವೇ ಅವನಿಗೆ ನಿಧಾನವಾಗಿ ಹೇಳಿ. ಆ ಸಂಕಟ ಎಂಥದೆಂದು ನಿಮಗೆ ಗೊತ್ತು.