ಒಳಕೋಣೆಯ ಬಾಗಿಲಿಗೆ ಪಾಲಿಶ್

ನಿನ್ನ ಮನೆಯಿಂದ,
ಹನ್ನೊಂದನೇ ತಾರೀಕು, ಮಧ್ಯಾಹ್ನ ಊಟವಾದ ಮೇಲೆ

ಮುದ್ದಿನ ಸೊಸೆಗೆ ಅತ್ತೆಯ ಮನಸಾರೆ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಕೈನೋವು ಇಳಿಯಿತೇ? ಬಿಸಿನೀರಿನಲ್ಲಿ ಅದ್ದಿಟ್ಟುಕೋ, ಮಣಿಕಟ್ಟನ್ನು ಆಗಾಗ ಮಡಿಸಿ ಬಿಚ್ಚು, ಇಲ್ಲದಿದ್ದರೆ ಹಾಗೇ ಬಿಗಿದುಕೊಂಡುಬಿಡುತ್ತದೆ. ನನಗೆ ಅನುಭವವಿದೆ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಚಿನಕುರುಳಿ ಹೇಗಿದ್ದಾಳೆ? ಅವಳ ಗಲಾಟೆ ಇಲ್ಲದೆ ಮನೆ ಬಿಕೋ ಅನ್ನುತ್ತಿದೆ. ನಿಮ್ಮ ಅತ್ತಿಗೆ ಮಗುವಿಗೆ ಹೊಟ್ಟೆ ತುಂಬ ಬಡಿಸುತ್ತಾಳೋ, ಇಲ್ಲ ಪಾತ್ರೆಯ ತಳ ನೋಡಿ ನೋಡಿ ಬಡಿಸುತ್ತಾಳೋ? ಮುಂದೆ ಹೊಲಿಗೆ ಅಂಗಡಿ, ಹಿಂದೆ ಒಂದೇ ಒಂದು ಕೋಣೆ, ಅದರಲ್ಲಿ ಅವರ ಸಂಸಾರವೇ ಕಾಲು ಚಾಚಿ ಮಲಗುವ ಹಾಗಿಲ್ಲ, ಮೇಲೆ ನೀವಿಬ್ಬರು. ನಾನು ಯಾಕೆ ಹೇಳಲಿ, ನಿನಗೇ ಗೊತ್ತಿದೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಗಂಡ ಬೆಳಗ್ಗೆ ವ್ಯಾನು ತೆಗೆದುಕೊಂಡು ಹೋದರೆ ಸಂಜೆಗೆ ಬರುತ್ತಾನೆ, ತಲೆ ಬಗ್ಗಿಸಿ ಊಟ ಮಾಡುತ್ತಾನೆ, ಮಲಗುತ್ತಾನೆ. ಬಂಗಾರದಂಥ ಹುಡುಗ, ಕೋಪ ಒಂದು ಇಲ್ಲದಿದ್ದರೆ.

ಈಗ ಸುದ್ದಿಗೆ ಬರುತ್ತೇನೆ. ಮನೆಯ ಬಾಗಿಲು ಕಿಟಕಿಗಳಿಗೆಲ್ಲ ಹೊಸದಾಗಿ ಪಾಲಿಶ್ ಮಾಡಿದೆ. ನಾನೊಬ್ಬಳೇ! ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ಎದುರುಮನೆಯವಳು ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ನಿನ್ನ ಮಾವನವರ ಜೊತೆ ಕಂಡವರ ಬಾಗಿಲುಗಳನ್ನೆಲ್ಲ ಉಜ್ಜಿ ಸವೆದ ಕೈ ಇದು, ಅವಳಿಗೇನು ಗೊತ್ತು. ಪಾಲಿಶ್ ಕೆಲಸದಲ್ಲಿ ಅವರದು ದೊಡ್ಡ ಹೆಸರು. ಕೆರೆಯುವುದು, ಉಜ್ಜುವುದು ನಾನು, ಕೊನೆಗೆ ಬಂದು ಹೊಳಪು ಕೊಡುವುದು ಅವರು, ಶಹಬ್ಬಾಸ್‌ಗಿರಿಯೂ ಅವರಿಗೇ. ಇರಲಿ. ಮೊದಲು ಒಣ ಬ್ರಶ್ಶಿನಿಂದ ಸಂದುಗೊಂದಿಗಳ ಧೂಳು ತೆಗೆದೆ. ಆಮೇಲೆ ಸೋಪಿನ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆ, ಅದರ ಹಿಂದೆಯೇ ಒಣಬಟ್ಟೆ. ಹಿಂಡಿದ ಬಟ್ಟೆ ಎಂದೆ, ಕೇಳಿಸಿತೇ? ನೀನು ನೀರು ತೊಟ್ಟಿಕ್ಕುವ ಬಟ್ಟೆಯಲ್ಲೇ ಒರೆಸಿ ಒರೆಸಿ ಮುಂಬಾಗಿಲಿನ ಕೆಳಗಿನ ಅಂಚು ನೀರು ಕುಡಿದು ಉಬ್ಬಿ ಕೂತಿತ್ತು. ಹೇಳಿದರೆ "ಇರ್ಲಿ ಬಿಡಿ ಅತ್ತೆ, ಮರ ತಾನೆ" ಅನ್ನುತ್ತಿದ್ದೆ. ಮರವೇ, ಅಲ್ಲ ಅಂದವರು ಯಾರು? ಆ ಅಂಚನ್ನು ಕೆರೆದು, ಒಣಗಿಸಿ, ಅಡಿಯಿಂದಲೂ ವಾರ್ನಿಶ್ ಕುಡಿಸಿದೆ. ಬಾಗಿಲಿನ ಅಡಿಯನ್ನು ಯಾರು ನೋಡುತ್ತಾರೆ ಎಂದು ಎಲ್ಲರೂ ಅದನ್ನು ಹಾಗೇ ಬಿಡುತ್ತಾರೆ, ನೀರು ಒಳಗೆ ಹೋಗುವುದು ಅಲ್ಲಿಂದಲೇ.

ಇದ್ದಕ್ಕಿದ್ದಂತೆ ಇಷ್ಟೆಲ್ಲ ಯಾಕೆ ಎಂದು ನಿನಗೆ ಅನ್ನಿಸಬಹುದು. ಎಲ್ಲ ಆ ಒಳಕೋಣೆಯ ಬಾಗಿಲಿಗಾಗಿ ಕಣಮ್ಮ. ಆವತ್ತು ಸಂಜೆ ನೀನು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಗಂಡನಾದವನು ಹೊರಗೆ ನಿಂತು ಕೂಗುತ್ತಿದ್ದಾನೆ, ತೆಗೆಯಬೇಕಲ್ಲವೇ? ತೆಗೆದಿದ್ದರೆ ಒಂದೆರಡು ಏಟಿಗೆ ಮುಗಿದುಹೋಗುತ್ತಿತ್ತು. ನೀನು ತೆಗೆಯಲಿಲ್ಲ, ಅವನು ಒದ್ದ. ಹಲಗೆ ಸೀಳಿಹೋಯಿತು, ಚಿಲಕ ಕಿತ್ತು ಬಂದು ನಿನ್ನ ಕೈಗೇ ಬಡಿಯಿತು. ಅಯ್ಯೋ, ಎಂಥ ಬಾಗಿಲದು! ಹಳೇ ತೇಗ, ನಿನ್ನ ಮಾವನವರು ತಟ್ಟಿ ತಟ್ಟಿ ನೋಡಿ ಆರಿಸಿ ತಂದದ್ದು. ನಿನ್ನ ಹಟಕ್ಕೆ ಬಲಿಯಾಯಿತು. ಮಾರನೆಯ ದಿನ ಮಗುವನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಹೋಗಿ, "ಬಾಗ್ಲು ಒದ್ದು ಒಳಗೆ ಬಂದ್ರು, ನಂಬಿಕೆ ಇಲ್ದಿದ್ರೆ ನೀನೇ ಹೋಗಿ ಬಾಗ್ಲು ನೋಡು" ಎಂದೆಯಂತೆ. ನಿಮ್ಮ ಅತ್ತಿಗೆಯೇ ಫೋನಿನಲ್ಲಿ ಹೇಳಿದಳು. ನೋಡಲಿ, ಅದಕ್ಕೇನಂತೆ, ನೋಡಲು ಬರುವವನಿಗೆ ಒಳ್ಳೆಯ ಬಾಗಿಲನ್ನೇ ತೋರಿಸೋಣ ಎಂದುಕೊಂಡೆ.

ಹೊಸ ಹಲಗೆ ಹಾಕಿದರೆ ಬಿಳಿಚಿಕೊಂಡು ಕಣ್ಣಿಗೆ ಹೊಡೆಯುತ್ತದೆ. ಅದಕ್ಕೆ ಉಗ್ರಾಣದ ಬಾಗಿಲಿನಿಂದ ಹಲಗೆ ಬಿಚ್ಚಿದೆ. ಅದೇ ಮರ, ಅದೇ ವಯಸ್ಸು. ಉಗ್ರಾಣಕ್ಕೆ ಪ್ಲೈವುಡ್ ಸಾಕು, ಅಲ್ಲಿಗೆ ಯಾರು ಬರುತ್ತಾರೆ? ನಿನ್ನ ಗಂಡ ಬಾಗಿಲನ್ನು ಇಳಿಸಿ ಕೊಟ್ಟವನು ಅದರ ಕಡೆ ಇನ್ನೊಂದು ಸಲ ನೋಡದೆ ಕೆಲಸಕ್ಕೆ ಹೋದ. ಪಾಪ, ಅವನಿಗೂ ಬೇಜಾರು. ಚೌಕಟ್ಟಿನ ಬಿರುಕಿಗೆ ಅಂಟು ಬಿಟ್ಟು ಕಟ್ಟಿ ಬಿಗಿದಿಟ್ಟೆ. ಅದೇ ಬಾಗಿಲನ್ನು ಉಜ್ಜಿದ ಪುಡಿಯನ್ನೇ ಅಂಟಿನಲ್ಲಿ ಕಲಸಿ ಸಂದಿಗೆ ತುಂಬಿದೆ, ಬೇರೆ ಮರದ ಪುಡಿಯಾದರೆ ಬಣ್ಣ ಬೇರೆಯಾಗುತ್ತದೆ. ಒಳಗಿನ ಚಿಲಕದ ತೂತುಗಳನ್ನೂ ಹಾಗೇ ಮುಚ್ಚಿದೆ. ಗಂಡ ಹೆಂಡತಿ ಇರುವ ಕೋಣೆಗೆ ಒಳಗಿನಿಂದ ಚಿಲಕ ಯಾಕೆ ಬೇಕು? ಆಮೇಲೆ ದಪ್ಪ ಸ್ಯಾಂಡ್ ಪೇಪರ್, ನಂತರ ನಯದ್ದು, ಮರದ ಎಳೆ ಹೋದ ಕಡೆಗೇ. ಅಡ್ಡಕ್ಕೆ ಉಜ್ಜಿದರೆ ಗೀರು ಬೀಳುತ್ತದೆ, ಪಾಲಿಶ್ ಹಚ್ಚಿದ ಮೇಲೆ ಆ ಗೀರು ಎದ್ದು ಕಾಣುತ್ತದೆ. ಕೆಳಗಡೆ ಚಿನಕುರುಳಿ ಬಳಪದಲ್ಲಿ ಅಪ್ಪ ಅಮ್ಮ ಅಜ್ಜಿ ಎಂದು ಏನೇನೋ ಗೀಚಿದ್ದಳಲ್ಲ, ಅದೂ ಹೋಯಿತು. ಅವಳಿಗೆ ಹೇಳಬೇಡ, ಅತ್ತಾಳು. ಕೊನೆಗೆ ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ, ಪಾಲಿಶ್‌ನಲ್ಲಿ ಅದ್ದಿ ಒಂದರ ಮೇಲೊಂದು ಕೈ ಹಚ್ಚಿದೆ. ಎಂಥ ಹೊಳಪು ಅಂತೀಯ! ಆದರೆ ಅದೊಂದೇ ಬಾಗಿಲು ಹೊಳೆದರೆ ಎಂಥ ದಡ್ಡನಿಗೂ ಅನುಮಾನ ಬರುತ್ತದೆ. ಅದಕ್ಕೇ ಮನೆಯದನ್ನೆಲ್ಲ ಮಾಡಿದ್ದು, ಅಡುಗೆಮನೆಯ ಪುಟ್ಟ ಕಿಟಕಿಯನ್ನೂ ಬಿಡಲಿಲ್ಲ. ಕಿಟಕಿಗೆ ತೆರೆದಿಟ್ಟೇ ವಾರ್ನಿಶ್ ಹೊಡೆಯಬೇಕು, ಒಣಗುವ ತನಕ ಮುಚ್ಚಬಾರದು, ಮುಚ್ಚಿದರೆ ಚೌಕಟ್ಟಿಗೆ ಅಂಟಿಕೊಂಡು ಆಮೇಲೆ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಎಲ್ಲಕ್ಕೂ ಹಾಗೇ ಮಾಡಿದೆ. ಒಳಕೋಣೆಯ ಕಿಟಕಿಗೆ ಮಾತ್ರ ಮುಚ್ಚಿಟ್ಟೇ ಹೊಡೆದೆ. ಅಲ್ಲಿ ನಿಂತು ಎದುರುಮನೆಯವಳಿಗೆ ನಿನ್ನ ಗೋಳು ಹೇಳಿಕೊಳ್ಳುತ್ತಿದ್ದೆಯಲ್ಲ, ಇನ್ನು ಮೇಲೆ ಚಳಿಗಾಳಿಯ ಕಾಟವಿಲ್ಲ.

ಅತ್ತೆ ಕಲ್ಲು ಮನಸ್ಸಿನವಳು ಎಂದು ಬೈದುಕೊಳ್ಳುತ್ತಿದ್ದೀಯ, ಬೈದುಕೋ. ಈ ಕೆಲಸವನ್ನು ನಾನು ಕಲಿತದ್ದು ಎಲ್ಲಿ ಎಂದುಕೊಂಡೆ? ಹೊರಗಿನವರ ಬಾಗಿಲಿನ ಮೇಲೆ ಅಲ್ಲ. ನಿನ್ನ ಮಾವನವರ ಕಾಲಿಗೂ ಬಲವಿತ್ತಮ್ಮ. ಸೀಳಿದ ಹಲಗೆಯನ್ನು ಮಾರನೆಯ ಬೆಳಗ್ಗೆ ನಾನೇ ಕೂತು ಜೋಡಿಸುತ್ತಿದ್ದೆ, ಅವರು ಪಕ್ಕದಲ್ಲಿ ನಿಂತು "ಅಲ್ಲಿ ಇನ್ನೊಂಚೂರು ತುಂಬು, ಕಾಣ್ತಿದೆ" ಎಂದು ಕಲಿಸುತ್ತಿದ್ದರು. ಒಳ್ಳೆಯ ಗುರು. ಮನೆಗೆ ಬಂದವರು ಬಾಗಿಲನ್ನು ಹೊಗಳಿ ಹೋಗುತ್ತಿದ್ದರು. ನಾನು ಯಾರ ಮನೆಗೂ ಹೋಗಲಿಲ್ಲ, ಬಾಗಿಲು ನೋಡಿ ಬನ್ನಿ ಎಂದು ಯಾರನ್ನೂ ಕಳಿಸಲಿಲ್ಲ. ಕಳಿಸಬಹುದು ಎಂದು ಹೊಳೆಯಲೇ ಇಲ್ಲ. ನಿನಗೆ ಹೊಳೆಯಿತು. ಆವತ್ತು ನೀನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದೆಯಲ್ಲ, ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಹೊಟ್ಟೆ ಧಗಧಗ ಉರಿಯಿತು, ಸುಳ್ಳು ಯಾಕೆ ಹೇಳಲಿ. ನಾನು ಸಹಿಸಿದ್ದನ್ನು ನೀನು ಯಾಕೆ ಸಹಿಸಬಾರದು? ನಿನಗೇನು ಕೊಂಬಿದೆಯೇ?

ಮೊನ್ನೆ ನಿಮ್ಮಣ್ಣ ಬಂದಿದ್ದ. ಅಂಗಡಿ ಮುಚ್ಚಿ ಬಂದಿದ್ದನಂತೆ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಮುಖ ಗಂಟು ಹಾಕಿಕೊಂಡಿದ್ದ, ಚಹಾ ಕೊಟ್ಟರೆ ಮುಟ್ಟಲಿಲ್ಲ. "ಬಾಗ್ಲು ನೋಡ್ಬೇಕಮ್ಮ" ಎಂದ. "ನೋಡಪ್ಪ, ನಿನ್ನ ತಂಗಿ ಮನೆ, ನಿಂದೇ ಅಂತ ತಿಳ್ಕೋ" ಎಂದು ದೀಪ ಹಾಕಿ ಪಕ್ಕಕ್ಕೆ ನಿಂತೆ. ಈ ಕಡೆ ನೋಡಿದ, ಆ ಕಡೆ ನೋಡಿದ, ಕೂತು ಕೆಳಗೆ ನೋಡಿದ. ಕಣ್ಣಿಗೆ ಏನೂ ಸಿಗಲಿಲ್ಲ. ಆಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಗೆ ಸವರಿದ. ದರ್ಜಿಯಲ್ಲವೇ, ತೇಪೆ ಎಲ್ಲಿದೆ ಎಂದು ಅವನ ಬೆರಳಿಗೆ ಗೊತ್ತಾಗುತ್ತದೆ. ಹಲಗೆ ಕೂಡಿಸಿದ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಒಂದು ಸಲ ಮುಂದೆ ಹೋಗಿ, ಮತ್ತೆ ಹಿಂದೆ ಬಂದು ಅಲ್ಲೇ ನಿಂತಿತು. ತಿರುಗಿ ನನ್ನ ಮುಖ ನೋಡಿದ, ನಾನೂ ಅವನ ಮುಖ ನೋಡಿದೆ. ಅವನಿಗೆ ಗೊತ್ತಾಯಿತು. ಗೊತ್ತಾಯಿತು ಎಂದು ನನಗೂ ಗೊತ್ತಾಯಿತು. ಆಮೇಲೆ ಬಾಗಿಲಿನಿಂದ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡು, "ಬಾಗ್ಲು ಚೆನ್ನಾಗೇ ಇದೆಯಲ್ಲಮ್ಮ" ಎಂದ. ಹೊರಗೆ ಬಂದು ಕೂತು ಆರಿದ ಚಹಾವನ್ನೇ ಕುಡಿದ. ಹೆಂಡತಿ ದಿನಾ ಗೊಣಗುತ್ತಾಳೆ, ಮಗು ಹೊಲಿಗೆ ಯಂತ್ರ ಮುಟ್ಟುತ್ತದೆ, ಗಿರಾಕಿಗಳ ಬಟ್ಟೆ ಎಳೆಯುತ್ತದೆ ಎಂದೆಲ್ಲ ಹೇಳಿಕೊಂಡ. ಪಾಪ, ಅವನದೂ ಒಂದು ಸಂಸಾರ. "ಯಾವತ್ತು ಕರ್ಕೊಂಡು ಬರ್ಲಿ?" ಎಂದು ಅವನೇ ಕೇಳಿದ, ನಾನು ಕೇಳಲಿಲ್ಲ. ಬೇಕಾದರೆ ಈ ಕಾಗದವನ್ನು ಅವನಿಗೆ ತೋರಿಸು. ಅವನಿಗೆ ಗೊತ್ತಿಲ್ಲದ್ದು ಇದರಲ್ಲಿ ಏನೂ ಇಲ್ಲ.

ಹಾಗಾಗಿ ಭಾನುವಾರ ಬಂದುಬಿಡು. ಮಗುವಿನ ಸ್ವೆಟರ್ ಮರೆಯಬೇಡ. ಬಂದ ಮೇಲೆ ಬಾಗಿಲು ಕಿಟಕಿ ನೋಡಿಕೊಳ್ಳುವುದು ನಿನ್ನ ಕೆಲಸ. ಧೂಳನ್ನು ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ತೆಗೆ, ಕೀಲುಗಳಿಗೆ ಒಂದೊಂದು ತೊಟ್ಟು ಎಣ್ಣೆ ಬಿಡು, ಎಲ್ಲಾದರೂ ಪಾಲಿಶ್ ಎದ್ದರೆ ಆಗಲೇ ನನಗೆ ಹೇಳು. ನಾನು ಇರುವಷ್ಟು ದಿನ ಕೈ ಹಿಡಿದು ಕಲಿಸುತ್ತೇನೆ. ಉಜ್ಜುವುದು, ಪುಡಿ ಕಲಸುವುದು, ಸಂದಿ ತುಂಬುವುದು, ಎಲ್ಲ. ನನ್ನ ನಂತರ ನೀನೇ ತಾನೆ ಮಾಡಬೇಕು. ನಿನ್ನ ಮೇಲೆ ನನಗೆ ಕೋಪ ಇಲ್ಲ. ನೀನು ನೂರು ಕಾಲ ಈ ಮನೆಯಲ್ಲೇ ಇರು. ನಿಮ್ಮಣ್ಣ ಅತ್ತಿಗೆಗೆ ನಾನು ಕೇಳಿದೆನೆಂದು ಹೇಳು, ಚಿನಕುರುಳಿಯ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು.

ನಿನ್ನ ದಾರಿ ಕಾಯುತ್ತಿರುವ,
ಅತ್ತೆ

ಮರೆತೇಬಿಟ್ಟಿದ್ದೆ. ಕಿತ್ತು ಬಂದಿದ್ದ ಆ ಚಿಲಕವನ್ನು ಎಸೆಯಲಿಲ್ಲ. ತಟ್ಟಿ ನೇರ ಮಾಡಿ, ಉಜ್ಜಿ ಹೊಳಪು ಬರಿಸಿ, ಅದೇ ಬಾಗಿಲಿಗೆ ಹಾಕಿಸಿದ್ದೇನೆ, ಹೊರಗಡೆಯಿಂದ. ನನ್ನ ಮಣಿಕಟ್ಟಿಗೆ ಸ್ಕ್ರೂ ತಿರುಗಿಸುವ ಶಕ್ತಿ ಎಲ್ಲಿದೆ? ನಿನ್ನ ಗಂಡ ಕೆಲಸಕ್ಕೆ ಹೋಗಿದ್ದ. ಆವತ್ತು ಚಹಾ ಕುಡಿದಾದ ಮೇಲೆ ನಿಮ್ಮಣ್ಣನ ಕೈಗೇ ಸ್ಕ್ರೂಡ್ರೈವರ್ ಕೊಟ್ಟೆ. "ಹೊರಗಡೆನಾ ಅಮ್ಮ?" ಎಂದು ಒಂದು ಸಲ ಕೇಳಿದ. "ಹೂಂ, ಹೊರಗಡೆನೇ" ಎಂದೆ. ಚೆನ್ನಾಗಿ ಬಿಗಿ ಮಾಡಿ ಹಾಕಿ ಹೋಗಿದ್ದಾನೆ.